ಹೊಸ ಹಾರ್ಮನಿ ತಂಡಕ್ಕೆ ಶ್ಯೂರ್ ಎಸ್‌ಎಂ58: ಮೊದಲು ಒಂದೇ ಸಾಕು

ಶಿವಮೊಗ್ಗದ ಯಾವುದೋ ಕಾಲೇಜಿನಲ್ಲಿ ನಾಲ್ವರು ಸೇರಿ ಹಾರ್ಮನಿ ತಂಡ ಕಟ್ಟಲು ಹೊರಟರೆ ಸಾಮಾನ್ಯವಾಗಿ ಸಿಗುವವರು ಇವರು: ಸುಗಮ ಸಂಗೀತ ಕಲಿತ ಇಬ್ಬರು, ಚರ್ಚ್ ಕಾಯಿರ್‌ನಲ್ಲಿ ಹಾಡಿ ರೂಢಿಯಿರುವ ಒಬ್ಬರು, ಬೀಟ್‌ಬಾಕ್ಸ್ ಮಾಡುವ ಹುಡುಗ. ಹಾಡು ಗೊತ್ತಾಗುವ ಮೊದಲೇ ಮೈಕ್ ಯಾವುದು ಎಂಬ ಚರ್ಚೆ ಶುರುವಾಗುತ್ತದೆ. ಶ್ಯೂರ್ ಎಸ್‌ಎಂ58 ತಗೊಳ್ಳಿ ಎಂಬ ಸಲಹೆ ಸರಿಯೇ. 1966ರಿಂದ ಬರುತ್ತಿರುವ ಈ ಮೈಕ್ ವೇದಿಕೆಗೆಂದೇ ಹೇಳಿಮಾಡಿಸಿದ್ದು. ಆದರೆ ಒಟ್ಟಿಗೇ ನಾಲ್ಕು ಕೊಳ್ಳಬೇಡಿ.

ಕಾರಣ ಇಷ್ಟೆ: ಕಂಠಗಳು ಬೆರೆಯುವುದು ಕೋಣೆಯಲ್ಲಿ, ಮಿಕ್ಸರ್‌ನಲ್ಲಿ ಅಲ್ಲ. ಎಲ್ಲರ ಕೈಗೂ ಮೈಕ್ ಬಂದರೆ ಪ್ರತಿಯೊಬ್ಬರೂ ತಮ್ಮ ದನಿಯನ್ನೇ ಕೇಳಿಕೊಂಡು ಹಾಡುತ್ತಾರೆ, ಪಕ್ಕದವರಿಗೆ ಹೊಂದಿಕೊಳ್ಳುವುದಿಲ್ಲ. ಮೊದಲ ಕೆಲವು ವಾರ ಮೈಕ್ ಇಲ್ಲದೆ ಎದುರುಬದುರು ನಿಲ್ಲಿ. ಹಾರ್ಮೋನಿಯಂ ಇಟ್ಟುಕೊಂಡು ಪ್ರತಿಯೊಬ್ಬರಿಗೂ ಸಲೀಸಾಗಿ ನಿಲ್ಲುವ ಕೆಳಗಿನ ಮತ್ತು ಮೇಲಿನ ಸ್ವರ ಬರೆದಿಡಿ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹುಡುಗಿಯರು ಬಿಳಿ ಐದಕ್ಕೆ (ಜಿ), ಹುಡುಗರು ಕಪ್ಪು ಒಂದಕ್ಕೆ (ಸಿ ಶಾರ್ಪ್) ಪಳಗಿರಬಹುದು. ತಂಡದ ಶ್ರುತಿಯನ್ನು ಆ ಪಟ್ಟಿ ನೋಡಿ ಹೊಸದಾಗಿ ಗೊತ್ತುಮಾಡಬೇಕು.

ವೃಂದಗಾಯನದಲ್ಲಿ ಸಾಮಾನ್ಯವಾಗಿ ಎಲ್ಲರದೂ ಒಂದೇ ಸ್ವರ. ಹಾರ್ಮನಿಯಲ್ಲಿ ಮುಖ್ಯ ಗಾಯಕಿ ಸ ಹಿಡಿದರೆ ಎರಡನೆಯವರು ಗ, ರಿ ಹಿಡಿದರೆ ಮ, ಗ ಹಿಡಿದರೆ ಪ. ಎಡವುವುದು ಹೆಚ್ಚಾಗಿ ಎರಡು ಕಡೆ. ಒಂದು, ಗಮಕ: ಮುಖ್ಯ ದನಿ ಆಂದೋಳಿಸುವಾಗ ಎರಡನೆಯದು ತನ್ನದೇ ರೀತಿಯಲ್ಲಿ ಅಲುಗಾಡಿದರೆ ಎರಡೂ ಕೆಡುತ್ತವೆ. ಜೊತೆ ದನಿ ನೇರವಾಗಿ ನಿಲ್ಲಲಿ. ಇನ್ನೊಂದು, ಗಾಂಧಾರ: ತಂಬೂರಿಗೆ ಸರಿಯಾಗಿ ಕೂರುವ ಅಂತರ ಗಾಂಧಾರ ಕೀಬೋರ್ಡಿನದಕ್ಕಿಂತ ಸುಮಾರು 14 ಸೆಂಟ್ಸ್ (ಕೀಬೋರ್ಡಿನ ಪಕ್ಕಪಕ್ಕದ ಎರಡು ಮನೆಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಕೆಳಗಿರುತ್ತದೆ. ತಂಬೂರಿ ಆ್ಯಪ್ ಹಾಕಿಕೊಂಡು ಅಭ್ಯಾಸ ಮಾಡಿ, ವೇದಿಕೆಯಲ್ಲಿ ಕೀಬೋರ್ಡ್ ಸೇರಿಸಿದರೆ ಅದೇ ಗಾಂಧಾರ ಇಳಿದಂತೆ ಕೇಳುತ್ತದೆ. ಯಾವುದಕ್ಕೆ ಹಾಡುತ್ತೀರೋ ಅದಕ್ಕೇ ಅಭ್ಯಾಸ ಮಾಡಿ. ಕನ್ನಡದ ಸಾಲುಗಳು ಬಹುಪಾಲು ಸ್ವರಾಕ್ಷರದಲ್ಲೇ ಮುಗಿಯುವುದರಿಂದ ಕೊನೆಯ ‘ಅ’ಕ್ಕೆ ನಾಲ್ವರ ಬಾಯಿಯೂ ಒಂದೇ ಅಳತೆಗೆ ತೆರೆಯಬೇಕು. ಇಷ್ಟು ಗಟ್ಟಿಯಾದ ಮೇಲೆ ಮೈಕ್.

ಮೊದಲ ಮೈಕನ್ನು ಸರದಿಯ ಮೇಲೆ ಹಿಡಿದು ಕಲಿಯಿರಿ. ಎಸ್‌ಎಂ58 ಎದುರಿನ ದನಿಯನ್ನು ಎತ್ತಿಕೊಂಡು ಹಿಂದಿನದನ್ನು ಬಿಡುವ ಕಾರ್ಡಿಯಾಯ್ಡ್ ಮೈಕ್. ಹಾಡುವವರಿಗೆ ತಮ್ಮ ದನಿ ಕೇಳಿಸಲೆಂದು ಇಡುವ ಮಾನಿಟರ್ ಸ್ಪೀಕರ್ ಮೈಕಿನ ಬಾಲದ ನೇರಕ್ಕೆ ಇರಲಿ. ಹಿಂದಿನ ಸದ್ದನ್ನು ಕಳೆಯುವ ಕಿಂಡಿಗಳು ಜಾಲರಿಯೊಳಗೇ ಇವೆ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಮೈಕ್ ಎಲ್ಲ ಕಡೆಯಿಂದಲೂ ಸದ್ದು ಎಳೆದುಕೊಂಡು ಕುಂಯ್ ಎಂದು ಕೂಗುತ್ತದೆ. ಬೀಟ್‌ಬಾಕ್ಸ್ ಮಾಡುವವರು ಬೇಕೆಂದೇ ಹಾಗೆ ಹಿಡಿಯುತ್ತಾರೆ. ಅವರ ಚಾನೆಲನ್ನು ಮಾನಿಟರ್‌ನಲ್ಲಿ ತಗ್ಗಿಸಿಡಿ.

ತುಟಿಗೆ ಹತ್ತಿರ ಬಂದಷ್ಟೂ ಬೇಸ್ ಹೆಚ್ಚುತ್ತದೆ. ಕೆಳಗಿನ ದನಿಯವರು 3-4 ಸೆಂ.ಮೀ. ದೂರದಲ್ಲಿ ಹಿಡಿದರೆ ಗಾತ್ರ ಬರುತ್ತದೆ, ಮೇಲಿನ ಇಬ್ಬರಿಗೆ 10 ಸೆಂ.ಮೀ. ಸರಿ. ನಾಲ್ವರೂ ಬಾಯಿಗೆ ಅಂಟಿಸಿಕೊಂಡರೆ ಪದಗಳೇ ಕಲಸಿಹೋಗುತ್ತವೆ. ಮೇಲಿನ ದನಿಗಳ ಚಾನೆಲ್‌ಗೆ ಮಿಕ್ಸರ್‌ನ ಲೋ-ಕಟ್ (ಬೇಸ್ ತಗ್ಗಿಸುವ ಗುಂಡಿ) ಒತ್ತಿ. ನಿಮ್ಮ ಬಾಯಿ ನಿಮ್ಮ ಮೈಕಿನಿಂದ 10 ಸೆಂ.ಮೀ. ಇದ್ದರೆ ಪಕ್ಕದವರ ಮೈಕ್ ಕನಿಷ್ಠ 30 ಸೆಂ.ಮೀ. ದೂರವಿರಬೇಕು, ಇಲ್ಲದಿದ್ದರೆ ಒಂದೇ ದನಿ ಎರಡು ಮೈಕಿಗೆ ಹೋಗಿ ಟೊಳ್ಳಾಗಿ ಕೇಳುತ್ತದೆ. ಮುಂದೆ ಉಳಿದ ಮೂರು ಮೈಕ್ ಕೊಳ್ಳುವಾಗಲೂ ಇದೇ ಮಾಡೆಲ್ ತಗೊಳ್ಳಿ. ಬೇರೆಬೇರೆ ಮೈಕ್ ಆದರೆ ಬೆರೆತ ಕಂಠಗಳೂ ಬಿಡಿಬಿಡಿಯಾಗುತ್ತವೆ.

ಮಲೆನಾಡಿಗೆ ಇದು ಒಗ್ಗುವುದು ಇನ್ನೊಂದು ಕಾರಣಕ್ಕೆ. ಆಗುಂಬೆ, ತೀರ್ಥಹಳ್ಳಿಯ ಆಷಾಢದ ಥಂಡಿಗೆ ಸ್ಟುಡಿಯೊಗಳಲ್ಲಿ ಬಳಸುವ ಸೂಕ್ಷ್ಮವಾದ ಕಂಡೆನ್ಸರ್ ಮೈಕಿನೊಳಗೆ ತೇವ ಸೇರಿದರೆ ಚಟಚಟ ಸದ್ದು ಬರುತ್ತದೆ, ತಗಡಿನ ಮಾಡಿನ ಮೇಲೆ ಬೀಳುವ ಮಳೆಯನ್ನೂ ಅದು ಚೆನ್ನಾಗಿಯೇ ಹಿಡಿಯುತ್ತದೆ. ಡೈನಮಿಕ್ (ಸುರುಳಿ, ಅಯಸ್ಕಾಂತದಿಂದ ಕೆಲಸ ಮಾಡುವ) ಮೈಕ್ ಆದ ಎಸ್‌ಎಂ58 ಥಂಡಿ ತಾಳುತ್ತದೆ, ಕಂಡೆನ್ಸರ್‌ಗೆ ಮಿಕ್ಸರ್‌ನಿಂದ ಕೊಡುವ 48 ವೋಲ್ಟ್ ವಿದ್ಯುತ್ (ಫ್ಯಾಂಟಮ್ ಪವರ್) ಕೂಡ ಬೇಡ. ಆದರೆ ಜಾಲರಿಯೊಳಗಿನ ಸ್ಪಂಜು ಉಸಿರಿನ ತೇವಕ್ಕೆ ಮುಗ್ಗಲು ಹಿಡಿಯುತ್ತದೆ. ಜಾಲರಿಯನ್ನು ತಿರುಗಿಸಿ ಬಿಚ್ಚಿ, ಅದನ್ನು ಮಾತ್ರ ಸೌಮ್ಯ ಸೋಪಿನ ನೀರಿನಲ್ಲಿ ತೊಳೆಯಿರಿ. ಸ್ಪಂಜು ಒಳಗಿನವರೆಗೂ ಒಣಗುವ ತನಕ ಜೋಡಿಸಬೇಡಿ; ಮಳೆಗಾಲದಲ್ಲಿ ರಾತ್ರಿಯಿಡೀ ಫ್ಯಾನ್ ಕೆಳಗಿಟ್ಟರೂ ಬೆಳಿಗ್ಗೆ ಬೆರಳಿನಿಂದ ಒತ್ತಿ ನೋಡಬೇಕು.

ಸಮುದಾಯ ಭವನಗಳ ಹಳೆಯ ಆಂಪ್ಲಿಫೈಯರ್‌ಗಳಿಗೆ ಈ ಮೈಕಿನ ಕೇಬಲ್‌ನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಪ್ಲಗ್ ಕೂರುವುದಿಲ್ಲ, 6.3 ಮಿ.ಮೀ. ಜ್ಯಾಕ್ ಬೇಕು. ಹಾಗೆ ಸಿಕ್ಕಿಸುವ ಕೇಬಲ್ ಐದಾರು ಮೀಟರ್ ದಾಟಿದರೆ ಗುಂಯ್‌ಗುಡುವುದು ಹೆಚ್ಚು. ಆದಷ್ಟೂ ನಿಮ್ಮದೇ ಚಿಕ್ಕ ಮಿಕ್ಸರ್ ಒಯ್ಯಿರಿ.

ಮನೆಯಲ್ಲಿ ರೆಕಾರ್ಡಿಂಗ್‌ಗೆ ನಮ್ಮ ಮೊದಲ ಆಯ್ಕೆ ಇದಲ್ಲ. ಇದರ ಸಿಗ್ನಲ್ ಕ್ಷೀಣ. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಅಗ್ಗದ ಇಂಟರ್‌ಫೇಸ್‌ನ ಗೇನ್ (ಸಿಗ್ನಲ್ ಹೆಚ್ಚಿಸುವ ಗುಂಡಿ) ಪೂರ್ತಿ ತಿರುಗಿಸಿದರೆ ಮೆಲುದನಿಯ ಜೊತೆ ಹಿಸ್ ಸದ್ದೂ ಬರುತ್ತದೆ. ನಾಲ್ವರು ಒಂದೇ ಎಸ್‌ಎಂ58 ಸುತ್ತ ನಿಂತರೆ ಪಕ್ಕದಲ್ಲಿರುವವರ ದನಿ ಮಂಕಾಗುತ್ತದೆ.

ಕೊಳ್ಳುವಾಗ ನಕಲಿಯ ಬಗ್ಗೆ ಎಚ್ಚರ, ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಅಸಲಿ ಮೈಕಿನ ತೂಕ 298 ಗ್ರಾಂ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟಾಗ ಎದ್ದು ಕಾಣುವಷ್ಟು ವ್ಯತ್ಯಾಸ ಬಂದರೆ ಹಿಂದಿರುಗಿಸಿ. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಎನ್ನಲಾಗದು, ಅಧಿಕೃತ ಮಾರಾಟಗಾರರ ಬಿಲ್ ಕೇಳಿ ಪಡೆಯಿರಿ.