ಮೋಲ್ಡ್ ಹಾಕುವ ಹಿಂದಿನ ದಿನದ ಚೆಕಿಂಗ್: ಹೊರಮಾವಿನ ನಮ್ಮ 30×40 ಮನೆಯ ಅನುಭವ

ಬೆಂಗಳೂರಿನ ಹೊರಮಾವಿನಲ್ಲಿ ನಮ್ಮದೊಂದು 30×40 ಸೈಟು. ಅಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮೊದಲ ಮೋಲ್ಡ್, ಅಂದರೆ ಕಾಂಕ್ರೀಟ್ ಸೂರು, ಆಗಿದೆ. ಎರಡನೇದಕ್ಕೆ ಸೆಂಟ್ರಿಂಗ್ (ಕಾಂಕ್ರೀಟ್ ಹಿಡಿದಿಡುವ ಶೀಟು, ಆಸರೆ ಕಟ್ಟುವ ಕೆಲಸ) ನಡೆಯುತ್ತಿದೆ. ಈ ಎಂಟು ತಿಂಗಳಲ್ಲಿ ದುಡ್ಡು ಕೊಟ್ಟು ಪಡೆದ ಸೇವೆಗಳು ಬಹಳ. ಅದರಲ್ಲಿ ಎರಡರ ಬಗ್ಗೆ ಬರೆಯಲೇಬೇಕು ಅನ್ನಿಸಿದೆ. ಒಂದು, ಮನೆ ನಕ್ಷೆಗೆ ಆನ್‌ಲೈನ್‌ನಲ್ಲೇ ಅನುಮತಿ ಕೊಡುವ ಪಾಲಿಕೆಯ ‘ನಂಬಿಕೆ ನಕ್ಷೆ’. ಇನ್ನೊಂದು, ಕಾಂಕ್ರೀಟ್ ಹಾಕುವ ಮೊದಲು ಬಂದು ಕಂಬಿ ನೋಡಿ ಹೋಗಲಿ ಅಂತ ನಾವೇ ಬೇರೆಯಾಗಿ ಗೊತ್ತು ಮಾಡಿಕೊಂಡ ಇಂಜಿನಿಯರ್.

ನಾನು ಬ್ಯಾಂಕಿನಲ್ಲಿ ಹೋಮ್ ಲೋನ್ ಫೈಲ್ ನೋಡುವವಳು. ಹದಿನಾಲ್ಕು ವರ್ಷದಿಂದ ದಿನಾ ನಕ್ಷೆ ನೋಡುತ್ತಿದ್ದೇನೆ. ಕಾಗದದ ಮೇಲೆ ಎಲ್ಲಾ ಮನೆಯೂ ಗಟ್ಟಿಯಾಗಿಯೇ ಇರುತ್ತೆ. ಸೆಟ್‌ಬ್ಯಾಕ್ (ಸುತ್ತ ಬಿಡಬೇಕಾದ ಜಾಗ) ಸರಿ, ಸೀಲು ಸರಿ, ಸಹಿ ಸರಿ. ಆದರೆ 2024ರ ಅಕ್ಟೋಬರ್ 22ರಂದು ನಮ್ಮ ಸೈಟಿನಿಂದ ಬೈಕಿನಲ್ಲಿ ಹತ್ತು ನಿಮಿಷ ದೂರದ ಬಾಬುಸಾಪಾಳ್ಯದಲ್ಲಿ, ಮಳೆ ನಡುವೆ, ಕಟ್ಟುತ್ತಿದ್ದ ಕಟ್ಟಡವೊಂದು ಕುಸಿದು ಕೂತಿತು. ಒಂಬತ್ತು ಜನ ಹೋದರು. ಎಲ್ಲರೂ ಅಲ್ಲಿ ಕೂಲಿ ಮಾಡುತ್ತಿದ್ದವರು. ಅನುಮತಿ ಇದ್ದದ್ದಕ್ಕಿಂತ ಜಾಸ್ತಿ ಅಂತಸ್ತು ಏರಿಸಿದ್ದರು. ಮರುದಿನ ಆಫೀಸಿನಲ್ಲಿ ಫೈಲ್ ತೆಗೆದರೆ ಅಕ್ಷರ ಕಾಣಿಸಲಿಲ್ಲ ನನಗೆ.

ನಮ್ಮಣ್ಣ ಇರುವುದು ಧಾರವಾಡದಲ್ಲಿ. 2019ರ ಮಾರ್ಚ್ 19ರಂದು ಅಲ್ಲಿನ ಕುಮಾರೇಶ್ವರ ನಗರದಲ್ಲಿ ಇದೇ ಥರ, ಇನ್ನೂ ಕೆಲಸ ನಡೆಯುತ್ತಿದ್ದ ವಾಣಿಜ್ಯ ಕಟ್ಟಡ ಕುಸಿದು 19 ಜನ ತೀರಿಕೊಂಡಿದ್ದರು. ಆಗ ಅಣ್ಣ ಎಷ್ಟೋ ದಿನ ಫೋನಿನಲ್ಲಿ ಬೇರೆ ಮಾತೇ ಆಡಿರಲಿಲ್ಲ. ನಾವು ಸೈಟಿಗೆ ಪೂಜೆ ಮಾಡಿದ ದಿನ ಅವನು ಹೇಳಿದ್ದು ಒಂದೇ ಮಾತು. “ತಂಗಿ, ಟೈಲ್ಸಿಗೆ ಕಡಿಮೆ ಖರ್ಚು ಮಾಡು. ಪಿಲ್ಲರಿಗೆ ಮಾತ್ರ ಯಾರನ್ನಾದ್ರೂ ಕರೆಸಿ ತೋರ್ಸು.”

ಮೊದಲು ನಂಬಿಕೆ ನಕ್ಷೆ ಬಗ್ಗೆ.

ಇದು ಶುರುವಾದದ್ದು 2024ರಲ್ಲಿ. 50×80 ಅಡಿವರೆಗಿನ ಸೈಟಿನಲ್ಲಿ ನಾಲ್ಕು ಮನೆವರೆಗೆ ಕಟ್ಟುವವರಿಗೆ ಇರುವ ವ್ಯವಸ್ಥೆ. ನೋಂದಾಯಿತ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್ ನಿಮ್ಮ ಪರವಾಗಿ ನಕ್ಷೆ, ದಾಖಲೆ ಎಲ್ಲ ಆನ್‌ಲೈನ್‌ನಲ್ಲಿ ಹಾಕುತ್ತಾರೆ. ನಿಯಮದ ಪ್ರಕಾರವೇ ಇದೆ ಅಂತ ಅವರೇ ದೃಢೀಕರಿಸುತ್ತಾರೆ. ಸಾಫ್ಟ್‌ವೇರ್ ಅಳತೆ ನೋಡುತ್ತೆ, ಶುಲ್ಕ ಕಟ್ಟಿದರೆ ತಾತ್ಕಾಲಿಕ ನಕ್ಷೆ ಕೈಗೆ ಬರುತ್ತೆ. ದಾಖಲೆಗಳನ್ನು ಅಧಿಕಾರಿಗಳು ಆಮೇಲೆ ಪರಿಶೀಲಿಸುತ್ತಾರೆ. ಇ-ಖಾತಾ, ಕ್ರಯಪತ್ರ, ತೆರಿಗೆ ರಸೀದಿ ಇಷ್ಟನ್ನು ಮೊದಲೇ ಸರಿಮಾಡಿ ಇಟ್ಟುಕೊಂಡಿದ್ದೆವು. ಹಾಗಾಗಿ ನಮ್ಮ ಕೆಲಸ ಯಾವ ಓಡಾಟವೂ ಇಲ್ಲದೆ ಆಯಿತು. ಹತ್ತು ವರ್ಷದ ಹಿಂದೆ ಮನೆ ಕಟ್ಟಿದ ನಮ್ಮ ಚಿಕ್ಕಪ್ಪ ಮೂರು ತಿಂಗಳು ಆಫೀಸಿಗೆ ಅಲೆದದ್ದು ನನಗೆ ನೆನಪಿದೆ. ಅದಕ್ಕೆ ಹೋಲಿಸಿದರೆ ಇದು ನಿಜವಾಗಿ ಒಳ್ಳೆಯ ಬದಲಾವಣೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಆದರೆ ಈ ಸೇವೆ ಏನು ನೋಡುತ್ತೆ, ಏನು ನೋಡುವುದಿಲ್ಲ ಅನ್ನುವುದು ಕಟ್ಟುವವರಿಗೆ ಗೊತ್ತಿರಬೇಕು. ಅದು ನೋಡುವುದು ನಕ್ಷೆಯನ್ನು. ಅಕ್ಕಪಕ್ಕ ಎಷ್ಟು ಜಾಗ ಬಿಟ್ಟಿದ್ದೀರಿ, ಎತ್ತರ ಎಷ್ಟು, ಎಷ್ಟು ಚದರಡಿ, ಮಳೆನೀರು ಕೊಯ್ಲಿಗೆ ವ್ಯವಸ್ಥೆ ಇದೆಯಾ. ಪಿಲ್ಲರಿನೊಳಗೆ ಎಷ್ಟು ಕಂಬಿ ಬಿತ್ತು ಅನ್ನುವುದು ಯಾವ ಸಾಫ್ಟ್‌ವೇರಿಗೂ ಕಾಣುವುದಿಲ್ಲ. ಅದಕ್ಕೆ ಸೈಟಿಗೆ ಬರಬೇಕು, ಬಗ್ಗಬೇಕು, ಟೇಪ್ ಹಿಡಿಯಬೇಕು.

ನಮ್ಮಲ್ಲಿ ಆ ಟೇಪ್ ಹಿಡಿಯುವವರು ಬರಲಿಲ್ಲ. ನಕ್ಷೆಗೆ ಸಹಿ ಮಾಡಿದ ಇಂಜಿನಿಯರ್ ಪಾಯದ ದಿನ ಬರುತ್ತೇನೆ ಅಂದರು, ಬರಲಿಲ್ಲ. ಫೋಟೋ ಕಳಿಸಿ ಅಂದರು. ಕಳಿಸಿದೆ. ಹೆಬ್ಬೆರಳು ಎತ್ತಿದ ಗುರುತು ಬಂತು, ಅಷ್ಟೇ. ಅವರ ಹೆಸರು ಇಲ್ಲಿ ಬೇಡ. ಅವರೊಬ್ಬರದೇ ತಪ್ಪು ಅಂತಲೂ ನನಗೆ ಅನ್ನಿಸುವುದಿಲ್ಲ. ನಾವು ಕೊಟ್ಟದ್ದು ನಕ್ಷೆಗೆ ದುಡ್ಡು. ಭೇಟಿಗೆ ಎಷ್ಟು, ಎಷ್ಟು ಸಲ ಬರಬೇಕು ಅಂತ ನಾವು ಕೇಳಿಯೂ ಇರಲಿಲ್ಲ, ಬರೆಸಿಕೊಂಡೂ ಇರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಪರಿಚಯದವರ ಮೂಲಕ ಲೋಕೋಪಯೋಗಿ ಇಲಾಖೆಯಲ್ಲಿ ನಿವೃತ್ತರಾದ ಒಬ್ಬ ಇಂಜಿನಿಯರ್ ಸಿಕ್ಕಿದರು, ನಾವು ಕರೆಯುವುದು ಸರ್ ಅಂತ. ಸ್ಟ್ರಕ್ಚರಲ್ ಕೆಲಸ ಗೊತ್ತಿರುವವರು. ಒಂದು ಭೇಟಿಗೆ ಮೂರು ಸಾವಿರ. ಪಾಯ, ಪಿಲ್ಲರ್, ಪ್ಲಿಂತ್ ಬೀಮ್ (ಪಾಯದ ಮೇಲೆ ಪಿಲ್ಲರುಗಳನ್ನು ಕೂಡಿಸುವ ತೊಲೆ), ಎರಡು ಮೋಲ್ಡ್, ಕೊನೆಯ ಹೆಡ್‌ರೂಮ್ ಎಲ್ಲ ಸೇರಿ ಒಂಬತ್ತು ಭೇಟಿ ಅಂತ ಮಾತಾಯಿತು. ಒಟ್ಟು 27 ಸಾವಿರ. ನಮ್ಮ ಮುಂಬಾಗಿಲಿಗೆ ಇದಕ್ಕಿಂತ ಜಾಸ್ತಿ ಆಗಿದೆ.

ಮೊದಲ ಮೋಲ್ಡಿನ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಸರ್ ಬಂದರು. ಚಪ್ಪಲಿ ಕೆಳಗೆ ಬಿಟ್ಟು ಏಣಿ ಹತ್ತಿದರು. ನಾನೂ ಹಿಂದೆಯೇ ಹತ್ತಿದೆ. ಕಂಬಿಯೆಲ್ಲ ಕಟ್ಟಿ ಮುಗಿದಿತ್ತು, ನೋಡಲು ಜಾಲರಿ ಹಾಸಿದ ಹಾಗೆ ಚೆನ್ನಾಗಿತ್ತು. ಮೇಸ್ತ್ರಿ ಖುಷಿಯಾಗಿದ್ದರು. ಸರ್ ಮಾತಾಡಲಿಲ್ಲ. ಕೂತು, ಕಂಬಿ ಮತ್ತು ಸೆಂಟ್ರಿಂಗ್ ಶೀಟಿನ ನಡುವೆ ಕಿರುಬೆರಳು ತೂರಿಸಲು ನೋಡಿದರು. ಬೆರಳು ಹೋಗಲಿಲ್ಲ. ಕಂಬಿ ಶೀಟಿನ ಮೇಲೆಯೇ ಮಲಗಿತ್ತು. ಕೆಲವು ಕಡೆ ಮಾತ್ರ ಜಲ್ಲಿ ಚೂರು ಸಿಗಿಸಿದ್ದರು.

“ಕವರ್ ಬ್ಲಾಕ್ ಎಲ್ಲಿ?” ಅಂತ ಕೇಳಿದರು. ಕಂಬಿಯನ್ನು ಶೀಟಿನಿಂದ ಮೇಲೆತ್ತಿ ಹಿಡಿಯುವ ಸಣ್ಣ ಬಿಲ್ಲೆ ಅದು.

“ಕಾಂಕ್ರೀಟ್ ಹಾಕುವಾಗ ಕಂಬಿ ಎತ್ತಿ ಎತ್ತಿ ಹಾಕ್ತೀವಿ ಸರ್, ಯಾವಾಗ್ಲೂ ಹಂಗೇ ಮಾಡೋದು,” ಅಂದರು ಮೇಸ್ತ್ರಿ.

ಮೋಲ್ಡಿನ ಕೆಳಭಾಗದಲ್ಲಿ ಕಂಬಿಯ ಹೊರಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕು. ಪಿಲ್ಲರಿಗೆ 40, ಪಾಯಕ್ಕೆ 50. ಇದು ಐಎಸ್ 456 ಅನ್ನುವ, ಕಾಂಕ್ರೀಟ್ ಕೆಲಸದ ಭಾರತೀಯ ಕೋಡಿನಲ್ಲಿ ಬರೆದಿರುವ ಲೆಕ್ಕ. ಆ ಹೊದಿಕೆ ಇಲ್ಲದಿದ್ದರೆ ತೇವ ಒಳಗೆ ಹೋಗಿ ಕಂಬಿ ತುಕ್ಕು ಹಿಡಿಯುತ್ತೆ, ತುಕ್ಕು ಹಿಡಿದ ಕಂಬಿ ಊದುತ್ತೆ, ಊದಿದ ಕಂಬಿ ಕಾಂಕ್ರೀಟನ್ನು ಒಡೆದುಕೊಂಡು ಬರುತ್ತೆ. ಹಳೇ ಕ್ವಾರ್ಟರ್ಸ್‌ಗಳ ಸೂರಿನಲ್ಲಿ ಗಾರೆ ಕಳಚಿ ಕೆಂಪು ಕಂಬಿ ನೇತಾಡುವುದನ್ನು ನೋಡಿದ್ದೀರಿ ಅಲ್ವಾ, ಅದು ಇದೇ. ಅವತ್ತೇ ಹಾರ್ಡ್‌ವೇರ್ ಅಂಗಡಿಯಿಂದ ಸಿಮೆಂಟಿನ ಕವರ್ ಬ್ಲಾಕ್ ಎರಡು ಚೀಲ ತರಿಸಿದೆವು. ಆದ ಖರ್ಚು ಒಂದು ದಿನದ ತಿಂಡಿ ಕಾಫಿಯಷ್ಟು. ಬಾರ್ ಬೆಂಡರ್ ಹುಡುಗ, ರಾಯಚೂರು ಕಡೆಯವನು, ರಾತ್ರಿ ಎಂಟರವರೆಗೆ ಲೈಟ್ ಹಾಕಿಕೊಂಡು ಒಂದೊಂದಾಗಿ ಸಿಗಿಸಿದ. ಅವನಿಗೆ ನಾನು ಋಣಿ.

ಅದಕ್ಕಿಂತ ದೊಡ್ಡದು ಪಿಲ್ಲರಿನ ರಿಂಗಿನ ವಿಷಯ. ಇದನ್ನು ಸರ್ ಹಿಡಿದದ್ದು ಮೊದಲೇ, ಪಿಲ್ಲರಿಗೆ ಬಾಕ್ಸ್ ಕಟ್ಟುವ ಮುಂಚೆ. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಚೌಕದ ಕಂಬಿಗೆ ರಿಂಗ್ ಅನ್ನುತ್ತಾರೆ. ಅದರ ಎರಡು ತುದಿ ಕೂಡುವ ಕಡೆ ಕೊಕ್ಕೆ ಇರುತ್ತೆ. ನಮ್ಮಲ್ಲಿ ಆ ಕೊಕ್ಕೆ ಸುಮ್ನೆ ಎಲ್ ಆಕಾರಕ್ಕೆ, 90 ಡಿಗ್ರಿಗೆ ಬಗ್ಗಿಸಿತ್ತು. ಸರ್ ಒಂದನ್ನು ಬಿಚ್ಚಿಸಿ ಕೈಯಲ್ಲಿ ಹಿಡಿದು ನನಗೆ ತೋರಿಸಿದರು.

“ನೋಡಮ್ಮ, ಮೂಟೆ ಬಾಯಿ ಕಟ್ಟಿ ದಾರದ ತುದಿನ ಹೊರಗೇ ಬಿಟ್ರೆ ಏನಾಗುತ್ತೆ? ಒಂದು ಎಳೆತಕ್ಕೆ ಬಿಚ್ಚಿಕೊಳ್ಳುತ್ತೆ. ಇದೂ ಅಷ್ಟೇ. ಭೂಮಿ ಅಲುಗಾಡಿದಾಗ ಹೊರಗಿನ ಕಾಂಕ್ರೀಟ್ ಉದುರುತ್ತೆ, ಈ ಕೊಕ್ಕೆ ಬಾಯಿ ಬಿಡುತ್ತೆ, ಉದ್ದ ಕಂಬಿ ಹೊರಗೆ ಬಾಗುತ್ತೆ. ಅಲ್ಲಿಗೆ ಪಿಲ್ಲರ್ ಕಥೆ ಮುಗೀತು.”

ಕೊಕ್ಕೆಯನ್ನು 135 ಡಿಗ್ರಿಗೆ, ಅಂದರೆ ಪಿಲ್ಲರಿನ ಹೊಟ್ಟೆಯೊಳಗೆ ಮುಖ ಮಾಡುವ ಹಾಗೆ ಬಗ್ಗಿಸಬೇಕು ಅನ್ನುವುದು ಭೂಕಂಪ ತಡೆಯುವ ಕಟ್ಟಡಗಳ ಕೋಡ್ ಐಎಸ್ 13920ರಲ್ಲಿರುವ ನಿಯಮ. ಬೆಂಗಳೂರು ಭೂಕಂಪದ ಎರಡನೇ ವಲಯ, ಅಂದರೆ ಅಪಾಯ ಕಡಿಮೆ ಇರುವ ಕಡೆ, ಇಲ್ಲಿ ಅದು ಕಡ್ಡಾಯವಲ್ಲ ಅಂತ ಸರ್ ಅವರೇ ಹೇಳಿದರು. ಆದರೂ ಬಿಡಲಿಲ್ಲ. 2001ರ ಜನವರಿ 26ರಂದು ಗುಜರಾತಿನ ಭುಜ್ ಕಡೆ ಭೂಕಂಪ ಆದಾಗ, ಅಷ್ಟು ದೂರದ ಅಹಮದಾಬಾದಿನಲ್ಲಿ ಕೆಳಗೆ ಬರೀ ಪಾರ್ಕಿಂಗ್, ಮೇಲೆ ಮನೆಗಳಿದ್ದ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಬಿದ್ದವು ಅಂತ ನೆನಪಿಸಿದರು. ಕೆಳಗಿನ ಅಂತಸ್ತಿನಲ್ಲಿ ಗೋಡೆ ಇಲ್ಲದಿದ್ದರೆ ಎಲ್ಲಾ ಎಳೆತವೂ ಪಿಲ್ಲರಿನ ಮೇಲೆಯೇ. ನಮ್ಮದೂ ಕೆಳಗೆ ಕಾರು, ಮೇಲೆ ಮನೆ. ನಮ್ಮ ರಸ್ತೆಯಲ್ಲಿ ಹೆಚ್ಚುಕಡಿಮೆ ಎಲ್ಲರದೂ ಹಾಗೆಯೇ. ರಿಂಗುಗಳನ್ನು ಮತ್ತೆ ಬಗ್ಗಿಸಲು ಎರಡು ದಿನ ಹೋಯಿತು. ಮೇಸ್ತ್ರಿ ಮುಖ ಊದಿಸಿಕೊಂಡಿದ್ದರು. ಅವರ ಎರಡು ದಿನದ ಕೂಲಿ ನಾವು ಕೊಟ್ಟೆವು, ಅದು ನ್ಯಾಯ ಕೂಡ.

ಮೋಲ್ಡಿನ ದಿನ ಸರ್ ಬೆಳಿಗ್ಗೆ ಏಳಕ್ಕೇ ಹಾಜರ್. ಎಂ20 ಕಾಂಕ್ರೀಟ್, ಅಂದರೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಮೂರು ಪಾಲು ಜಲ್ಲಿ. 50 ಕೆಜಿಯ ಒಂದು ಚೀಲಕ್ಕೆ ನೀರು 30 ಲೀಟರ್ ದಾಟಬಾರದು. ಮಿಕ್ಸರ್ ಹತ್ತಿರ ನಿಂತ ಹುಡುಗ ಪೈಪಿನಿಂದಲೇ ನೀರು ಬಿಡುತ್ತಿದ್ದ. ನೀರು ಜಾಸ್ತಿಯಾದರೆ ಕಾಂಕ್ರೀಟ್ ಸಲೀಸಾಗಿ ಹರಿಯುತ್ತೆ, ಕೆಲಸ ಬೇಗ ಆಗುತ್ತೆ, ಆದರೆ ಬಲ ಹೋಗುತ್ತೆ. ಸರ್ ಪೈಪು ತೆಗೆಸಿ ಹತ್ತು ಲೀಟರಿನ ಬಕೆಟ್ ಇಡಿಸಿದರು. ಚೀಲಕ್ಕೆ ಮೂರು ಬಕೆಟ್, ಅದಕ್ಕಿಂತ ತುಸು ಕಡಿಮೆಯೇ ಇರಲಿ ಅಂದರು. ಮಗಳನ್ನು ಕುರ್ಚಿ ಹಾಕಿ ಕೂರಿಸಿ ಲೆಕ್ಕ ಬರೆಯಲು ಹೇಳಿದೆ. ಪಿಯುಸಿ ಓದುವ ಹುಡುಗಿ, ಗೆರೆ ಎಳೆದು ಎಳೆದು ಎರಡು ಪುಟ ತುಂಬಿಸಿದಳು.

ಕಾಂಕ್ರೀಟಿನ ಬಲ ಪರೀಕ್ಷೆಗೆ ಅವತ್ತೇ ಕ್ಯೂಬ್ ತುಂಬಿಸಿದ್ದು. 150 ಮಿಲಿಮೀಟರಿನ ಕಬ್ಬಿಣದ ಡಬ್ಬಿ, ಮೂರು ಪದರ, ಪದರಕ್ಕೆ 35 ಸಲ ಸಲಾಕೆಯಲ್ಲಿ ಚುಚ್ಚಬೇಕು. ಮರುದಿನ ಡಬ್ಬಿಯಿಂದ ತೆಗೆದು ನೀರಿನಲ್ಲಿ ಇಡಬೇಕು. 28ನೇ ದಿನ ಲ್ಯಾಬಿನಲ್ಲಿ ಒತ್ತಿ ನೋಡುತ್ತಾರೆ. ಎಂ20 ಅಂದರೆ ಒಂದೊಂದು ಕ್ಯೂಬು ಸುಮಾರು 45 ಟನ್ ಭಾರ ತಡೆಯಬೇಕು. ನಮ್ಮ ಆರೂ ಕ್ಯೂಬುಗಳು ಪಾಸಾದವು. ಲ್ಯಾಬಿನ ರಿಪೋರ್ಟನ್ನು ಕ್ರಯಪತ್ರದ ಜೊತೆ ಅದೇ ಫೈಲಿನಲ್ಲಿ ಇಟ್ಟಿದ್ದೇನೆ.

ಆಮೇಲೆ ಒಂದೇ ಒಂದು ಜಗಳ, ಸೆಂಟ್ರಿಂಗ್ ಬಿಚ್ಚುವ ಬಗ್ಗೆ. ಶೀಟು ದಿನಬಾಡಿಗೆ, ಇನ್ನೊಂದು ಸೈಟಿಗೆ ಬೇಕು ಅಂತ ಮೇಸ್ತ್ರಿ ಎಂಟನೇ ದಿನವೇ ಬಂದರು. ನಾಲ್ಕೂವರೆ ಮೀಟರಿನವರೆಗಿನ ಅಗಲಕ್ಕಾದರೆ ಏಳು ದಿನ ಸಾಕು. ನಮ್ಮ ಹಾಲ್ 16 ಅಡಿ, ಅದಕ್ಕಿಂತ ಜಾಸ್ತಿ, ಹಾಗಾಗಿ 14 ದಿನ ಆಸರೆ ತೆಗೆಯುವ ಹಾಗಿಲ್ಲ ಅಂದರು ಸರ್. ಫೋನಿನಲ್ಲೇ ಹೇಳಿದರು, ಆದರೂ ಮಾತು ನಡೆಯಿತು. ಬಾಡಿಗೆ ನಮ್ಮ ತಲೆ ಮೇಲೆ ಬಂತು. ಆ 14 ದಿನವೂ ಮೋಲ್ಡಿನ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದೆವು.

ಸರ್ ಅವರ ಸೇವೆಯಲ್ಲಿ ಒಂದು ಕೊರತೆ ಹೇಳಲೇಬೇಕು. ಬರವಣಿಗೆಯಲ್ಲಿ ಏನೂ ಕೊಡುವುದಿಲ್ಲ, ಎಲ್ಲ ಬಾಯಿಮಾತು. ಎರಡನೇ ಭೇಟಿಯಿಂದ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅವರ ಸಹಿ ಹಾಕಿಸಿದೆ. ನೀವು ಯಾರನ್ನಾದರೂ ಗೊತ್ತು ಮಾಡಿದರೆ ಇದನ್ನು ಮೊದಲೇ ಹೇಳಿ.

ಇನ್ನು ನಿಯಮ ಬದಲಾಗುವ ಮಾತು. ದೇಶಕ್ಕೆಲ್ಲ ಮಾದರಿಯಾದ ಕಟ್ಟಡ ನಿಯಮ, ನ್ಯಾಷನಲ್ ಬಿಲ್ಡಿಂಗ್ ಕೋಡ್, ಮೊದಲು ಬಂದದ್ದು 1970ರಲ್ಲಿ, ಈಗಿರುವ ರೂಪ 2016ರದು. ಆದರೆ ಅದು ಸಲಹೆ ಮಾತ್ರ. ಊರಿನ ಪಾಲಿಕೆ ತನ್ನ ಬೈಲಾದಲ್ಲಿ (ಕಟ್ಟಡ ನಿಯಮಾವಳಿಯಲ್ಲಿ) ಸೇರಿಸಿಕೊಂಡರೆ ಮಾತ್ರ ಅದಕ್ಕೆ ಬಲ. ನಮ್ಮ ನಕ್ಷೆಗೆ ಆಧಾರ 2003ರ ಬೈಲಾ, ಮಧ್ಯೆ ಬಂದ ತಿದ್ದುಪಡಿಗಳ ಸಮೇತ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಅಂತ ಪಾಲಿಕೆ ಕೊಡುವ ಪತ್ರ) ಇಲ್ಲದೆ ಕರೆಂಟು, ನೀರು ಕೊಡಬೇಡಿ, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಿ ಅಂತ ಹೇಳಿತು. ನಮ್ಮ ಆಫೀಸಿನಲ್ಲಿ ಆ ತೀರ್ಪನ್ನು ಓದಿಸಿದ್ದು ನಾನೇ. ಆದರೆ ಮನೆ ಕಟ್ಟಿ ಮುಗಿಸಿ ಕರೆಂಟಿಗೆ ಕಾಯುತ್ತಿದ್ದವರ ಗೋಳು ಜಾಸ್ತಿಯಾಯಿತು. 2025ರಲ್ಲಿ ರಾಜ್ಯ ಸರ್ಕಾರ 30×40ವರೆಗಿನ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ಆ ಜನರ ಕಷ್ಟ ನನಗೆ ಗೊತ್ತು, ದಿನಾ ನನ್ನ ಟೇಬಲ್ಲಿನ ಮುಂದೆ ಕೂರುತ್ತಾರೆ. ಆದರೂ ಯೋಚಿಸಿ: ಶುರುವಿನಲ್ಲಿ ನೋಡುವುದು ಕಾಗದ, ಕೊನೆಯಲ್ಲಿ ನೋಡುವವರು ಇಲ್ಲ, ಮಧ್ಯೆ ಕಾಂಕ್ರೀಟ್ ಬೀಳುವ ದಿನ ಯಾರು ನೋಡುತ್ತಾರೆ?

ಈಗ ಬೆಂಗಳೂರಿನ ಪಾಲಿಕೆಯೇ ಒಡೆದು ಐದಾಗಿದೆ. ಮುಂದೆ ಬೈಲಾ ತಿದ್ದುವಾಗ ಒಂದು ಸಾಲು ಸೇರಿಸಲಿ ಅನ್ನುವುದು ನನ್ನ ಕಳಕಳಿಯ ಕೋರಿಕೆ. ನಕ್ಷೆಗೆ ಸಹಿ ಮಾಡಿದವರು ಪ್ರತಿ ಮೋಲ್ಡಿನ ಮೊದಲು ಸೈಟಿಗೆ ಬಂದು, ಕಂಬಿಯ ಫೋಟೋ ತಾವೇ ತೆಗೆದು, ಜಾಗದ ಗುರುತಿನ ಸಮೇತ ಅದೇ ಪೋರ್ಟಲಿಗೆ ಹಾಕಬೇಕು. ಅಷ್ಟು ಮಾಡದೆ ಮುಂದಿನ ಅಂತಸ್ತಿಗೆ ಹೋಗುವ ಹಾಗಿರಬಾರದು. ನಂಬಿಕೆ ನಕ್ಷೆ ಮಾಡಿದವರಿಗೆ ಇದೇನೂ ಕಷ್ಟದ ಕೆಲಸ ಅಲ್ಲ. ನನ್ನ ಕೈಯಲ್ಲಿರುವ ಆ ಅರ್ಧ ಅಂಕ ಅದಕ್ಕೇ ಇಟ್ಟಿದ್ದೇನೆ.

ಎರಡನೇ ಮೋಲ್ಡ್ ಬರುವ ಗುರುವಾರ. ಸರ್ ಬುಧವಾರ ನಾಲ್ಕಕ್ಕೆ ಬರುತ್ತೇನೆ ಅಂದಿದ್ದಾರೆ. ಈ ಸಲ ಮೇಸ್ತ್ರಿಯವರೇ ನಿನ್ನೆ ಫೋನ್ ಮಾಡಿ, “ಮೇಡಂ, ಕವರ್ ಬ್ಲಾಕ್ ಎಷ್ಟು ಚೀಲ ತರ್ಲಿ?” ಅಂತ ಕೇಳಿದರು.