ಬ್ಯಾಟ್ರಿನೇ ಇಲ್ದಿರೋ ಹಳೆ ಮ್ಯಾಸ್ಸಿ ಟ್ರ್ಯಾಕ್ಟರಿಗೆ ರಾತ್ರಿ ಲೈಟು: ಏನೇನು ಕಟ್ಟಿ ನೋಡ್ದೆ, ಯಾವ್ದು ನಿಲ್ತು

ನಮ್ಮನೇಲಿ ತಾತ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದ ಮ್ಯಾಸ್ಸಿ ಫರ್ಗುಸನ್ 35 ಐತೆ, ಮೂರು ಸಿಲಿಂಡರ್ ಪರ್ಕಿನ್ಸ್ ಡೀಸೆಲ್ ಇಂಜಿನ್ದು. ವೈರಿಂಗ್ ಇಲಿ ತಿಂದು ಎಷ್ಟೋ ವರ್ಷ ಆಯ್ತು, ರಿಪೇರಿಗೆ ಅಂತ ಬಿಚ್ಕೊಂಡು ಹೋದ ಡೈನಮೋ ವಾಪಸ್ ಬರ್ಲಿಲ್ಲ, ಬೆಲ್ಟ್ ಬಿಗಿಯಾಗಿರ್ಲಿ ಅಂತ ಆ ಜಾಗದಲ್ಲಿ ಒಂದು ಖಾಲಿ ಪುಲ್ಲಿ ಕೂರ್ಸಿದೀವಿ ಅಷ್ಟೆ. ಆದ್ರೂ ಗಾಡಿ ಓಡ್ತದೆ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಬೇಡ, ಪಂಪು ಇಂಜೆಕ್ಟರು ಎಲ್ಲಾ ಮೆಕ್ಯಾನಿಕಲ್ಲು, ನಾಲೆ ಏರಿ ಮೇಲೆ ನಿಲ್ಸಿ ಇಳಿಜಾರಲ್ಲಿ ಉರುಳಕ್ಕೆ ಬಿಟ್ಟು ಗೇರ್ ಹಾಕಿ ಕ್ಲಚ್ ಬಿಟ್ರೆ ಹತ್ಕತದೆ, ನಿಲ್ಸಕ್ಕೆ ಸ್ಟಾಪ್ ಕೇಬಲ್ ಎಳುದ್ರೆ ಆಯ್ತು. ಇಲ್ದಿರೋದು ಲೈಟು ಒಂದೇ.

ಹೊಸ ಆಲ್ಟರ್ನೇಟರು, ವೈರಿಂಗು ಎಲ್ಲಾ ಹಾಕ್ಸು ಅಂತ ಎಲ್ರೂ ಹೇಳ್ತಾರೆ. ನಮಗೆ ರಾತ್ರಿ ಓಡ್ಸೋ ಕೆಲ್ಸ ಇರೋದು ಕಬ್ಬು ಕಡಿಯೋ ಟೈಮಲ್ಲಿ ಆಲೆಮನೆಗೆ ಹೊಡಿಯೋ ಹದಿನೈದು ಇಪ್ಪತ್ತು ದಿನ ಮಾತ್ರ, ಅದೂ ಎರಡು ಕಿಲೋಮೀಟರ್ ನಾಲೆ ರೋಡು, ಆಮೇಲೆ ಸ್ವಲ್ಪ ಟಾರ್ ರೋಡು. ಜೊತೆಗೆ ತಾತನ ಗಾಡಿ ಬಾನೆಟ್ಟಿಗೆ ಡ್ರಿಲ್ ಇಡಕ್ಕೆ ನನಗೆ ಮನಸ್ಸು ಬರಲ್ಲ. ಅದಕ್ಕೆ ಬಿಚ್ಚಿದ್ರೆ ಗುರ್ತೂ ಉಳಿಬಾರ್ದು ಅನ್ನೋ ತರ ಏನಾದ್ರೂ ಬೇಕಿತ್ತು, ಎರಡು ಸೀಸನ್ ಬೇರೆ ಬೇರೆ ಕಟ್ಟಿ ನೋಡ್ದೆ.

ಮೊದ್ಲು ತಲೆಗೆ ಕಟ್ಟೋ ಟಾರ್ಚು. ಟ್ರೈಲರ್ ಪಿನ್ ಹಾಕೋವಾಗ, ಟ್ಯಾಂಕಿಗೆ ಡೀಸೆಲ್ ಸುರಿಯೋವಾಗ ಇದಕ್ಕಿಂತ ಒಳ್ಳೇದು ಇಲ್ಲ, ನೋಡಿದ್ ಕಡೆ ಬೆಳಕು ಬೀಳ್ತದೆ. ಓಡ್ಸಕ್ಕೆ ಮಾತ್ರ ಬೇಡ. ಧೂಳು ಎದ್ರೆ ಕಣ್ಣ ಮುಂದೆ ಬಿಳಿ ಗೋಡೆ ನಿಂತಂಗೆ ಆಯ್ತದೆ, ಎದುರು ಬರೋರ್ನ ನೋಡಿದ್ರೆ ಬೆಳಕು ಸೀದಾ ಅವ್ರ ಕಣ್ಣಿಗೇ. ಅದಕ್ಕಿಂತ ದೊಡ್ಡ ತೊಂದ್ರೆ ಅಂದ್ರೆ ದೂರದಿಂದ ನೋಡೋರಿಗೆ ಒಂದೇ ಒಂದು ಬೆಳಕು ಕಾಣ್ತದೆ, ಯಾರೋ ಟಾರ್ಚ್ ಹಿಡ್ಕೊಂಡು ನಡ್ಕಂಡ್ ಬರ್ತಾವ್ನೆ ಅನ್ಕತಾರೆ, ಹಿಂದೆ ಅಷ್ಟಗಲದ ಗಾಡಿ ಐತೆ ಅಂತ ಗೊತ್ತೇ ಆಗಲ್ಲ.

ಆಮೇಲೆ ಮ್ಯಾಗ್ನೆಟ್ ಇರೋ ಚಾರ್ಜಬಲ್ ವರ್ಕ್ ಲ್ಯಾಂಪ್, ಎರಡು ತಂದೆ, ಎರಡೂ ಮಡ್‌ಗಾರ್ಡ್ ಮೇಲೆ ಒಂದೊಂದು. ನಿಂತ ಗಾಡಿ ಮೇಲೆ ಗಟ್ಟಿಯಾಗಿ ಕಚ್ಕೊಂಡಿತ್ತು, ಇಂಜಿನ್ ಹತ್ತಿದ ತಕ್ಷಣ ವೈಬ್ರೇಷನ್‌ಗೆ ನಿಧಾನಕ್ಕೆ ಜಾರಕ್ಕೆ ಶುರು. ತಗಡು ನುಗ್ಗಾಗಿ ಪುಟ್ಟಿ ಹಾಕಿರೋ ಜಾಗದಲ್ಲಂತೂ ಮ್ಯಾಗ್ನೆಟ್ ಹಿಡಿಯೋದೇ ಇಲ್ಲ. ಪೇಂಟ್ ಗೀಚಬಾರ್ದು ಅಂತ ಕೆಳಗೆ ಬಟ್ಟೆ ಇಟ್ರೆ ಹಿಡಿತ ಇನ್ನೂ ಕಮ್ಮಿ. ನಾಲೆ ರೋಡಿನ ಗುಂಡೀಲಿ ಒಂದು ಬಿದ್ದು ಹಿಂದಿನ ಚಕ್ರದ ಕೆಳಗೆ ಹೋಯ್ತು. ಇನ್ನೊಂದನ್ನ ಈಗ್ಲೂ ಇಟ್ಕೊಂಡಿದೀನಿ, ಗದ್ದೇಲಿ ಗಾಡಿ ನಿಲ್ಸಿ ಲೋಡ್ ಮಾಡೋವಾಗ ಚೆನ್ನಾಗೈತೆ, ಸುತ್ತ ಹರಡೋ ಬೆಳಕು ಅಲ್ಲಿ ಬೇಕಾಯ್ತದೆ.

ಪವರ್ ಬ್ಯಾಂಕಿಗೆ ಯುಎಸ್‌ಬಿ ಲೈಟ್ ಸಿಕ್ಸೋದನ್ನೂ ನೋಡ್ದೆ. ಮುಂದಿನ ಲೈಟ್ ಪರ್ವಾಗಿಲ್ಲ ಅನ್ನೋಷ್ಟು ಬರ್ತದೆ. ಹಿಂದಿನ ಸಣ್ಣ ಕೆಂಪು ಲೈಟಿಗೆ ಬೇರೆ ಪವರ್ ಬ್ಯಾಂಕ್ ಕೊಟ್ಟಿದ್ದೆ, ಅದು ಎಳೆಯೋ ಕರೆಂಟ್ ತೀರಾ ಕಮ್ಮಿ, ಫೋನ್ ಫುಲ್ ಆಯ್ತು ಅನ್ಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗ್ಬುಡ್ತದೆ. ಹಿಂದೆ ಲೈಟ್ ಆರೋಗಿರೋದು ಸೀಟಲ್ಲಿ ಕೂತೋನಿಗೆ ಗೊತ್ತಾಗಲ್ಲ ಅಲ್ವಾ, ಅವತ್ತು ಒಂದು ಬೈಕು ಟ್ರೈಲರ್ ಹತ್ರಕ್ಕೆ ಬಂದು ಕಿರ್ ಅಂತ ಬ್ರೇಕ್ ಹಾಕ್ದಾಗ್ಲೇ ನನಗೆ ಗೊತ್ತಾಗಿದ್ದು. ಬೈಕ್ನೋನ ಹಿಂದೆ ಅವ್ನ ಹೆಂಡ್ತಿ, ಮಗು ಕೂತಿದ್ರು. ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಅಲ್ಲಿವರ್ಗೂ ನಾನು ನನಗೆ ದಾರಿ ಕಾಣ್ತದಾ ಅಂತ ಮಾತ್ರ ಯೋಚಿಸ್ತಿದ್ದೆ.

ಸೈಕಲ್ ಡೈನಮೋನ ಫ್ಯಾನ್ ಪುಲ್ಲಿಗೆ ಒತ್ತಿ ಇಟ್ಟಿದ್ದೂ ಆಯ್ತು, 6 ವೋಲ್ಟು 3 ವ್ಯಾಟು, ರೋಲರ್ ಸವೆದು ಜಾರ್ತದೆ, ಬಿಟ್ಬುಡಿ.

ಕೊನೆಗೆ ನಿಂತಿದ್ದು ಔಷಧಿ ಹೊಡಿಯೋ ಬ್ಯಾಟ್ರಿ ಸ್ಪ್ರೇಯರಿಂದ ಬಿಚ್ಚಿದ 12 ವೋಲ್ಟ್ 8 ಎಎಚ್ (ಆಂಪಿಯರ್-ಅವರ್, ಅಂದ್ರೆ ಲೆಕ್ಕಕ್ಕೆ ಒಂದು ಆಂಪಿಯರ್ ಎಳುದ್ರೆ ಎಂಟು ಗಂಟೆ) ಬ್ಯಾಟ್ರಿ. ಚಾರ್ಜರ್ ಮನೇಲೇ ಇತ್ತು, ಹೊಸದಾಗಿ ತಂದಿದ್ದು 18 ವ್ಯಾಟಿನ ಎರಡು ಎಲ್‌ಇಡಿ ಲೈಟು, ಒಂದು ಸ್ವಿಚ್ಚು, ಒಂದು ಫ್ಯೂಸು. ಲೆಕ್ಕ ಸುಲಭ, ಎರಡೂ ಸೇರಿ 36 ವ್ಯಾಟ್ ಅಂದ್ರೆ 3 ಆಂಪಿಯರ್, ಈ ತರ ಲೆಡ್ ಬ್ಯಾಟ್ರಿನ ಅರ್ಧಕ್ಕಿಂತ ಕೆಳಗೆ ಇಳಿಸ್ದೆ ಇದ್ರೆ ಬಾಳಿಕೆ ಬರೋದು, ಅಂಗಾಗಿ ಒಂದು ಗಂಟೆ ಹದಿನೈದು ನಿಮಿಷ ಅಂತ ಇಟ್ಕೋಬೇಕು. ನಮ್ಮ ಟ್ರಿಪ್ಪು ಹೋಗಿ ಬರಕ್ಕೆ ಮುಕ್ಕಾಲು ಗಂಟೆ, ಸಾಕಾಯ್ತದೆ. ಹಳೆ ಹ್ಯಾಲೊಜೆನ್ 55 ವ್ಯಾಟಿನ ಬಲ್ಬ್ ಒಂದೇ ಹಾಕಿದ್ರೂ ಇದಕ್ಕಿಂತ ಜಾಸ್ತಿ ತಿಂತಿತ್ತು, ಮೇಲೆ ಈ ಗಾಡಿ ನಡುಕಕ್ಕೆ ಫಿಲಮೆಂಟ್ ಉಳಿಯೋದು ಕಷ್ಟ. ಒಂದು ಎಚ್ಚರಿಕೆ, ಈ ಎಲ್‌ಇಡಿಗಳು ಬ್ಯಾಟ್ರಿ ಇಳಿದ್ರೂ ಡಿಮ್ ಆಗ್ದೆ ಉರಿತಾ ಇರ್ತವೆ, ಬೆಳಕು ನೋಡ್ಕೊಂಡು ಇನ್ನೂ ಚಾರ್ಜ್ ಐತೆ ಅನ್ಕೊಂಡ್ರೆ ಬ್ಯಾಟ್ರಿ ಹಾಳು, ವಾಚ್ ನೋಡ್ಕೊಂಡೇ ಆಫ್ ಮಾಡಿ.

ಕಟ್ಟೋ ರೀತಿ ಇಲ್ಲಿ ಮುಖ್ಯ. ಎರಡೂ ಲೈಟನ್ನ ಒಂದು ಕಬ್ಬಿಣದ ಪಟ್ಟಿಗೆ ಬೋಲ್ಟ್ ಮಾಡಿ, ಆ ಪಟ್ಟಿನ ಗಾಡಿ ಮುಂಭಾಗಕ್ಕೆ ಪೈಪ್ ಕ್ಲಾಂಪಲ್ಲಿ ಹಿಡ್ಸಿ, ಕ್ಲಾಂಪ್ ಒಳಗೆ ಹಳೆ ಸೈಕಲ್ ಟ್ಯೂಬ್ ಎರಡು ಸುತ್ತು ಸುತ್ತಿದೀನಿ. ಟ್ಯೂಬ್ ಜಾರಕ್ಕೂ ಬಿಡಲ್ಲ, ನಡುಕಾನೂ ನುಂಗ್ತದೆ, ಪೇಂಟೂ ಉಳಿತದೆ. ಬ್ಯಾಟ್ರಿ ಕಾಲಿಡೋ ಕಡೆ ಪ್ಲಾಸ್ಟಿಕ್ ಡಬ್ಬದೊಳಗೆ, ಸೈಲೆನ್ಸರಿಂದ ದೂರ. 5 ಆಂಪಿಯರ್ ಫ್ಯೂಸನ್ನ ಬ್ಯಾಟ್ರಿ ಪ್ಲಸ್ ಪಕ್ಕದಲ್ಲೇ ಹಾಕಿ, ಲೈಟ್ ಹತ್ರ ಹಾಕಿದ್ರೆ ಮಧ್ಯದಲ್ಲಿ ವೈರ್ ಉಜ್ಜಿ ಬಾಡಿಗೆ ತಾಕಿದಾಗ ಅದು ಕಾಪಾಡಲ್ಲ. ಮೊಸಳೆ ಕ್ಲಿಪ್ಪು ಬೇಡ, ಕಳಚ್ಕೊಂಡು ಕಿಡಿ ಹಾರ್ತದೆ. ಆಮೇಲೆ ಗಾಡಿನ ಗೋಡೆಯಿಂದ 25 ಅಡಿ ದೂರ ನಿಲ್ಸಿ, ಬೆಳಕಿನ ಮಧ್ಯ ಲೈಟಿನ ಎತ್ತರಕ್ಕಿಂತ ಕೆಳಗೆ ಬೀಳೋ ತರ ಬಗ್ಗಿಸಿ, ಎದುರು ಬರೋರೂ ಬದುಕ್ಬೇಕು.

ಇನ್ನು ಹಿಂದುಗಡೆ. ಗಾಡಿ ಮಡ್‌ಗಾರ್ಡಿಗೆ ಎಷ್ಟು ಒಳ್ಳೆ ಕೆಂಪು ಲೈಟ್ ಹಾಕಿದ್ರೂ ಟ್ರೈಲರ್ ಸಿಕ್ಸಿದ ಮೇಲೆ ಕಾಣಲ್ಲ. ಟ್ರೈಲರಿಗೆ ಹಾಕಿದ್ರೂ ಕಬ್ಬಿನ ಗರಿ ಮೂರು ನಾಕು ಅಡಿ ಹೊರಗೆ ನೇತಾಡ್ತಾ ಲೈಟ್ನ ಮುಚ್ತದೆ. ಸೆಲ್ ಹಾಕೋ ಸೈಕಲ್ ಕೆಂಪು ಲೈಟು ಎರಡನ್ನ ಒಂದು ಅಡ್ಡ ಬಿದಿರು ಗಳದ ಎರಡು ತುದಿಗೆ ಕಟ್ಟಿ, ಆ ಗಳಾನ ಲೋಡಿನ ಕೊನೇಗೆ ಹಗ್ಗದಲ್ಲಿ ಬಿಗಿತೀನಿ, ಗಳಕ್ಕೂ ಟ್ರೈಲರ್ ಹಿಂಬಾಗ್ಲಿಗೂ ಕೆಂಪು ರಿಫ್ಲೆಕ್ಟರ್ ಟೇಪು. ಸೋಲಾರ್ ಬ್ಲಿಂಕರೂ ಹಾಕಿ ನೋಡಿದ್ದೆ, ದೂರಕ್ಕೆ ಎದ್ದು ಕಾಣ್ತದೆ ನಿಜ, ಆದ್ರೆ ಬರೀ ಮಿಣುಕೋದಿದ್ರೆ ಹಿಂದಿನೋನಿಗೆ ಎಷ್ಟು ದೂರದಲ್ಲೈತೆ ಅಂತ ಅಂದಾಜು ಸಿಗಲ್ಲ, ಅದಕ್ಕೆ ನನ್ನ ಓಟು ಸ್ಟೆಡಿಯಾಗಿ ಉರಿಯೋ ಎರಡಕ್ಕೇ. ಸೂರ್ಯ ಮುಳುಗಿ ಅರ್ಧ ಗಂಟೆ ಆದ್ಮೇಲೆ ಲೈಟ್ ಇರ್ಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಐತೆ, ನಾನು ಆ ಅರ್ಧ ಗಂಟೆನೂ ಕಾಯಲ್ಲ, ಮಬ್ಬಾದ್ರೆ ಹಾಕ್ಬುಡ್ತೀನಿ.

ದುಡ್ಡು ಹೋಗಿದ್ದು ಲೈಟು, ಸ್ವಿಚ್ಚು, ವೈರು, ಟೇಪು ಎಲ್ಲಾ ಸೇರಿ 1,400 ರೂಪಾಯಿ ಹತ್ರ. ಟ್ರಿಪ್ ಮುಗಿದ ಮೇಲೆ ಬ್ಯಾಟ್ರಿ ಚಾರ್ಜಿಗೆ, ಬೆಳಿಗ್ಗೆ ಅದೇ ಬ್ಯಾಟ್ರಿ ಸ್ಪ್ರೇಯರಿಗೆ. ಲೈಟ್ ಪಟ್ಟಿ ಬಿಚ್ಚಿ ಕೊಟ್ಟಿಗೆ ಗೋಡೆ ಮೊಳೆಗೆ ನೇತಾಕ್ತೀನಿ, ಗಾಡಿ ಮೈಮೇಲೆ ತಾತನ ಕಾಲದಲ್ಲಿ ಇಲ್ದಿದ್ದ ಒಂದು ತೂತೂ ಇಲ್ಲ.