ರಾತ್ರಿ ಮೂರು ಗಂಟೆಯ ಫ್ಯಾನು: ಸ್ಮಾರ್ಟ್ ಉಪಕರಣಗಳ ಜೊತೆ ನಾಲ್ಕು ವರ್ಷ

ಸಿ6 ಮಟ್ಟದಲ್ಲಿ, ಅಂದರೆ ಕುತ್ತಿಗೆಯ ಭಾಗದಲ್ಲಿ, ಬೆನ್ನುಹುರಿಗೆ ಪೆಟ್ಟಾಗಿ ನಾನು ಗಾಲಿಕುರ್ಚಿ ಬಳಸಲು ಆರಂಭಿಸಿ ಹನ್ನೊಂದು ವರ್ಷಗಳಾದವು. ಮಣಿಕಟ್ಟನ್ನು ಮೇಲಕ್ಕೆ ಎತ್ತಬಲ್ಲೆ, ಆದರೆ ಬೆರಳುಗಳಲ್ಲಿ ಹಿಡಿತವಿಲ್ಲ. ಶಿವಮೊಗ್ಗದ ನಮ್ಮ ಹಳೆಯ ಮನೆಯಲ್ಲಿ ನಾನು ಮತ್ತು ಎಪ್ಪತ್ತೆರಡು ವರ್ಷದ ಅಮ್ಮ ಇಬ್ಬರೇ ಇದ್ದೇವೆ. 2021ರಲ್ಲಿ ಅಮೆಜಾನಿನ ಎರಡು ಎಕೋ ಡಾಟ್ ಸ್ಪೀಕರುಗಳಿಂದ ("ಅಲೆಕ್ಸಾ" ಎಂದು ಕರೆದು ಹೇಳಿದರೆ ಕೆಲಸ ಮಾಡುವಂಥವು) ಆರಂಭವಾದ ವ್ಯವಸ್ಥೆಗೆ ಆಮೇಲೆ ಬಲ್ಬು, ರಿಮೋಟ್ ಫ್ಯಾನು, ಗೀಸರಿನ ಸ್ಮಾರ್ಟ್ ಪ್ಲಗ್, ಬಾಗಿಲಿನ ಬೀಗ ಒಂದೊಂದಾಗಿ ಸೇರಿಕೊಂಡವು. ನಾಲ್ಕು ವರ್ಷಗಳ ಬಳಕೆಯಲ್ಲಿ ಯಾವುದು ನಿಂತಿತು, ಯಾವುದು ಕೈಕೊಟ್ಟಿತು ಎಂಬುದನ್ನು, ನನ್ನಂಥ ಇನ್ನೊಬ್ಬರು ಹಣ ಹಾಕುವ ಮೊದಲು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಫ್ಯಾನಿನ ವಿಷಯ ಹೇಳಬೇಕು. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರ ದೇಹ ಗಾಯದಿಂದ ಕೆಳಗೆ ಸರಿಯಾಗಿ ಬೆವರುವುದಿಲ್ಲ. ಹೊರಗೆ ಸೆಕೆಯಾದರೆ ಮೈಯ ಬಿಸಿ ಏರುತ್ತದೆ, ಚಳಿಯಾದರೆ ಬೇಗ ಇಳಿಯುತ್ತದೆ. ಹಾಗಾಗಿ ಏಪ್ರಿಲ್ ತಿಂಗಳ ರಾತ್ರಿ ಹನ್ನೊಂದಕ್ಕೆ ಬೇಕೇ ಬೇಕಾದ ಫ್ಯಾನು ಮೂರು ಗಂಟೆಯ ಹೊತ್ತಿಗೆ ಬೇಡವಾಗುತ್ತದೆ. ಮೊದಲೆಲ್ಲ ಆ ಹೊತ್ತಿನಲ್ಲಿ ಮಂಡಿನೋವಿನ ಅಮ್ಮನನ್ನು ಕೂಗಬೇಕಾಗಿತ್ತು. ಕೂಗಲು ಮನಸ್ಸು ಬಾರದೆ ಬೆಳಗಿನವರೆಗೆ ನಡುಗುತ್ತ ಮಲಗಿದ ರಾತ್ರಿಗಳು ಎಷ್ಟೋ. ಈಗ "ಅಲೆಕ್ಸಾ, ಫ್ಯಾನ್ ಆಫ್" ಎಂದು ಮೆಲ್ಲಗೆ ಹೇಳಿದರೆ ಸಾಕು. ವ್ಯವಸ್ಥೆ ಬಂದ ಮೊದಲ ವಾರ ಅಮ್ಮ ಬೆಳಿಗ್ಗೆ ಕಾಫಿ ತಂದವರು, "ರಾತ್ರಿ ಕರೀಲೇ ಇಲ್ವಲ್ಲೇ, ಹುಷಾರಾಗಿದೀಯ ತಾನೆ?" ಎಂದು ನನ್ನ ಹಣೆ ಮುಟ್ಟಿ ನೋಡಿದ್ದರು. ಅವರು ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಇಡೀ ರಾತ್ರಿ ನಿದ್ದೆ ಮಾಡಿದ್ದರು.

ಆದರೂ ಹೊಸದಾಗಿ ಆರಂಭಿಸುವವರಿಗೆ ನಾನು ಹೇಳುವುದು, ಸ್ಪೀಕರ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಅವರನ್ನು ಕರೆಸಿ ಎಂದು. ನಮ್ಮ ಮನೆಯಲ್ಲಿ ಸ್ವಿಚ್ ಬೋರ್ಡುಗಳು ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿದ್ದವು. ಕುರ್ಚಿಯ ಫುಟ್‌ರೆಸ್ಟ್ ಗೋಡೆಗೆ ತಾಗಿ ನಿಂತ ಮೇಲೆ ನನ್ನ ಕೈ ಮೂರೂವರೆ ಅಡಿಗಿಂತ ಮೇಲಕ್ಕೆ ಹೋಗುವುದಿಲ್ಲ. ಐದು ಬೋರ್ಡುಗಳನ್ನು ಮೂರಡಿಗೆ ಇಳಿಸಿ, ಗೆಣ್ಣಿನಿಂದ ಒತ್ತಬಹುದಾದ ಅಗಲ ಸ್ವಿಚ್ಚುಗಳನ್ನು ಹಾಕಿಸಿದೆವು. ಇಡೀ ಮನೆಯಲ್ಲಿ ಇಂದಿಗೂ ಒಂದು ದಿನವೂ ಕೆಡದೆ ಕೆಲಸ ಮಾಡುತ್ತಿರುವುದು ಈ ಬದಲಾವಣೆಯೊಂದೇ. ಇದನ್ನು ನಾನು ಮೂರನೆಯ ವರ್ಷದಲ್ಲಿ ಮಾಡಿಸಿದೆ. ಮೊದಲನೆಯ ತಿಂಗಳಲ್ಲೇ ಮಾಡಿಸಬೇಕಾಗಿತ್ತು.

ಸ್ಮಾರ್ಟ್ ಬಲ್ಬುಗಳ ಬಗ್ಗೆ ನನ್ನ ಉತ್ಸಾಹ ಬೇಗ ಇಳಿಯಿತು. ಗೋಡೆಯ ಸ್ವಿಚ್ ಸದಾ ಆನ್ ಇದ್ದರೆ ಮಾತ್ರ ಅವು ಮಾತು ಕೇಳುತ್ತವೆ. ಮನೆಗೆ ಬಂದ ನೆಂಟರು ಅಭ್ಯಾಸಬಲದಿಂದ ಸ್ವಿಚ್ ಆರಿಸಿ ಹೋದರೆ ನಾನು ಕತ್ತಲಲ್ಲಿ ಕೂರಬೇಕು. ನಡುರಾತ್ರಿ ಕರೆಂಟು ಹೋಗಿ ಬಂದಾಗ ಬಲ್ಬು ತಾನಾಗಿಯೇ ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಳ್ಳುತ್ತಿತ್ತು. ಕರೆಂಟು ಬಂದ ಮೇಲೂ ಆರಿದ ಬಲ್ಬು ಆರಿಯೇ ಇರುವಂತೆ ಆ್ಯಪಿನಲ್ಲಿ ಆಯ್ಕೆ ಮಾಡಬಹುದೆಂದು ತಿಳಿಯಲು ನನಗೆ ಹಲವು ತಿಂಗಳುಗಳೇ ಬೇಕಾದವು. ಇದಕ್ಕಿಂತ ಸ್ವಿಚ್ಚಿನ ಹಿಂದೆ ಕೂರಿಸುವ ಚಿಕ್ಕ ರಿಲೇಗಳು, ಅಂದರೆ ಮಾತು ಕೇಳಿ ಕರೆಂಟನ್ನು ಹಾಯಿಸುವ ಅಥವಾ ತಡೆಯುವ ಪುಟ್ಟ ಪೆಟ್ಟಿಗೆಗಳು, ಮೇಲು, ಏಕೆಂದರೆ ಅಲ್ಲಿ ಸ್ವಿಚ್ಚೂ ಕೆಲಸ ಮಾಡುತ್ತದೆ, ಮಾತೂ ಕೆಲಸ ಮಾಡುತ್ತದೆ. ಒಂದು ತೊಡಕೆಂದರೆ ಇಂಥ ಹೆಚ್ಚಿನ ರಿಲೇಗಳಿಗೆ ನ್ಯೂಟ್ರಲ್ ವೈರ್, ಅಂದರೆ ಕರೆಂಟು ಮರಳಿ ಹೋಗುವ ವೈರ್, ಬೇಕು. ನಮ್ಮಂಥ ಹಳೆಯ ಮನೆಗಳ ಎಷ್ಟೋ ಬೋರ್ಡುಗಳಲ್ಲಿ ಕರೆಂಟು ತರುವ ಫೇಸ್ ವೈರ್ ಮಾತ್ರ ಇರುತ್ತದೆ. ಬೋರ್ಡು ಇಳಿಸುವಾಗಲೇ ಪೈಪಿನೊಳಗೆ ನ್ಯೂಟ್ರಲ್ ಎಳೆಸಿಕೊಂಡರೆ ಗೋಡೆಯನ್ನು ಎರಡನೆಯ ಸಲ ಮುಟ್ಟಬೇಕಾಗಿಲ್ಲ.

ಭಾಷೆಯ ವಿಷಯ ನನಗೆ ನಿಜಕ್ಕೂ ನೋವಿನದು. ಅಲೆಕ್ಸಾ ನಮ್ಮ ದೇಶದಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ವ್ಯವಹರಿಸುತ್ತದೆ. ನಮ್ಮ ಮನೆಯಲ್ಲಿ ಎರಡನ್ನೂ ಆಡದವರು ಅಮ್ಮ. ನಾನು ಕಂಡುಕೊಂಡ ದಾರಿ ಉಪಕರಣಗಳಿಗೆ ಕನ್ನಡದ ಚಿಕ್ಕ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡುವುದು. ನಡುಮನೆಯ ಬಲ್ಬಿಗೆ "ದೀಪ" ಎಂದು ಹೆಸರಿಟ್ಟೆ. ಅದು ಹೆಣ್ಣುಮಕ್ಕಳ ಹೆಸರೂ ಆಗಿರುವುದರಿಂದಲೋ ಏನೋ, ಸ್ಪೀಕರ್ ತಡವರಿಸದೆ ಹಿಡಿಯುತ್ತದೆ. ಈಗ ಅಮ್ಮ "ಅಲೆಕ್ಸಾ, ದೀಪ ಆನ್" ಎನ್ನುತ್ತಾರೆ. ಮಾತು ತೊದಲುವವರು, ಉಸಿರು ಸಾಲದೆ ದನಿ ಸಣ್ಣಗಾದವರು ಕನ್ನಡದಲ್ಲಿಯೇ ಹೇಳಿ ಕೆಲಸ ಮಾಡಿಸಿಕೊಳ್ಳುವ ದಿನ ಬೇಗ ಬರಬೇಕು. ಏಕೆಂದರೆ ಇವರಿಗೆ ಪರಭಾಷೆಯ ಉಚ್ಚಾರಣೆ ಇನ್ನೊಂದು ಮೆಟ್ಟಿಲು.

ಇನ್ನು ಕರೆಂಟಿನ ವಿಷಯ. ಎಕೋ ಡಾಟ್ ಒಳಗೆ ಬ್ಯಾಟರಿ ಇಲ್ಲ. ನಮ್ಮಲ್ಲಿ ಇನ್ವರ್ಟರ್ ಇದ್ದರೂ ಅದರ ಲೈನು ದೀಪ, ಫ್ಯಾನುಗಳಿಗೆ ಮಾತ್ರ ಇತ್ತು; ವೈಫೈ ರೂಟರ್ ಮತ್ತು ಸ್ಪೀಕರ್ ಇದ್ದ ಸಾಕೆಟ್ಟುಗಳು ಅದರಿಂದ ಹೊರಗಿದ್ದವು. ಮೊದಲ ಮಳೆಗಾಲದ ಒಂದು ರಾತ್ರಿ ಕರೆಂಟು ಹೋದಾಗ ಫ್ಯಾನು ತಲೆಯ ಮೇಲೆ ತಿರುಗುತ್ತಲೇ ಇತ್ತು, ಅದನ್ನು ನಿಲ್ಲಿಸಬೇಕಾದ ಸ್ಪೀಕರ್ ಮಾತ್ರ ಸುಮ್ಮನಾಗಿತ್ತು. ಮರುದಿನವೇ ಆ ಎರಡು ಸಾಕೆಟ್ಟುಗಳನ್ನು ಇನ್ವರ್ಟರಿಗೆ ಸೇರಿಸಿಕೊಂಡೆವು. ಆಮೇಲೊಮ್ಮೆ ಎಲ್ಲಿಯೋ ಮರ ಬಿದ್ದು ಎರಡು ದಿನ ಇಂಟರ್‌ನೆಟ್ ಇರಲಿಲ್ಲ. ಆಗ ಕಾಪಾಡಿದ್ದು ಬಿಎಲ್‌ಡಿಸಿ (ಕಡಿಮೆ ಕರೆಂಟು ಬಳಸುವ ಮೋಟಾರಿನ) ಫ್ಯಾನಿನ ಜೊತೆ ಬಂದ ಸಾಮಾನ್ಯ ರಿಮೋಟು. ಅದಕ್ಕೆ ಅಗಲ ಪಟ್ಟಿ ಕಟ್ಟಿ ಮಂಚದ ಸರಳಿಗೆ ತೂಗುಹಾಕಿದ್ದೇನೆ. ಪಟ್ಟಿಯೊಳಗೆ ಕೈ ತೂರಿಸಿ ಎಳೆದುಕೊಂಡು ಗೆಣ್ಣಿನಿಂದ ಒತ್ತುತ್ತೇನೆ.

ಬಾಗಿಲಿನ ಬೀಗ ಅತ್ಯಂತ ಹೆಚ್ಚು ಕಷ್ಟ ಕೊಟ್ಟ ವಸ್ತು. ಜುಲೈ ತಿಂಗಳಲ್ಲಿ ನಮ್ಮ ಹಲಸಿನ ಮರದ ಬಾಗಿಲು ನೀರು ಕುಡಿದು ಉಬ್ಬುತ್ತದೆ. ಬೀಗದೊಳಗಿನ ಸಣ್ಣ ಮೋಟಾರಿಗೆ ಅಗುಳಿಯನ್ನು ತಳ್ಳುವ ಶಕ್ತಿ ಸಾಲದೆ, ಅದು ನಾಲ್ಕು ಬಾರಿ ಕೂಗಿ ನಿಂತುಬಿಡುತ್ತಿತ್ತು. ಮಾರಿದ ಕಂಪನಿಯವರು ಬಂದು ನೋಡಿ ಬೀಗದಲ್ಲಿ ದೋಷವಿಲ್ಲ ಎಂದು ಹೇಳಿಹೋದರು. ಕೊನೆಗೆ ಬಡಗಿಯೊಬ್ಬರು ಬಾಗಿಲಿನ ಅಂಚನ್ನು ಕೀಸಿ, ಅಗುಳಿ ಕೂರುವ ತೂತನ್ನು ತುಸು ದೊಡ್ಡದು ಮಾಡಿದ ಮೇಲೆ ಸರಿಹೋಯಿತು. ಮಾತಿನಿಂದ ಬೀಗ ತೆಗೆಯಲು ಗುಟ್ಟಿನ ಅಂಕಿಯನ್ನು ಗಟ್ಟಿಯಾಗಿ ಹೇಳಬೇಕು, ಹೊರಗೆ ನಿಂತವರಿಗೂ ಅದು ಕೇಳಿಸುತ್ತದೆ. ಆದ್ದರಿಂದ ನಾನು ಫೋನಿನಿಂದಲೇ ತೆಗೆಯುತ್ತೇನೆ. ಇಷ್ಟಾದರೂ, ಅಮ್ಮ ಸಂತೆಗೆ ಹೋದಾಗ ಫಿಸಿಯೋಥೆರಪಿಯವರಿಗೆ ನಾನೇ ಬಾಗಿಲು ತೆಗೆದು "ಬನ್ನಿ" ಎನ್ನಬಲ್ಲೆ. ಆ ಒಂದು ಮಾತಿಗಾಗಿ ಈ ಬೀಗವನ್ನು ಉಳಿಸಿಕೊಂಡಿದ್ದೇನೆ.

ಗೀಸರಿಗೆ ಹದಿನಾರು ಆಂಪಿಯರಿನ ಪ್ಲಗ್ಗನ್ನೇ ಕೊಳ್ಳಬೇಕು, ಚಿಕ್ಕದು ಸುಟ್ಟುಹೋದೀತು. ಕಾಲಿಗೆ ಬಿಸಿ ತಿಳಿಯದ ನಮ್ಮಂಥವರು ಪ್ಲಗ್ಗನ್ನು ನಂಬಿ ಸುಮ್ಮನಿರದೆ ಗೀಸರಿನ ಥರ್ಮೋಸ್ಟಾಟನ್ನೂ ತಗ್ಗಿಸಿಟ್ಟುಕೊಳ್ಳಬೇಕು.

ನನ್ನ ಮೊದಲ ಎರಡು ಪ್ಲಗ್ಗುಗಳ ಕಂಪನಿ ತನ್ನ ಆ್ಯಪನ್ನೇ ನಿಲ್ಲಿಸಿದ್ದರಿಂದ ಚೆನ್ನಾಗಿದ್ದ ಪ್ಲಗ್ಗುಗಳು ಡಬ್ಬಿ ಸೇರಿದವು. ಅಂದಿನಿಂದ ಮ್ಯಾಟರ್ ಗುರುತಿರುವ ಉಪಕರಣಗಳನ್ನೇ ಹುಡುಕುತ್ತೇನೆ. 2022ರಲ್ಲಿ ಬಂದ ಈ ಮಾನದಂಡವನ್ನು ಪಾಲಿಸುವ ಉಪಕರಣಗಳನ್ನು ಬೇರೆ ಬೇರೆ ಕಂಪನಿಗಳ ವ್ಯವಸ್ಥೆಗಳಿಗೆ ಜೋಡಿಸಬಹುದು, ಮನೆಯೊಳಗಿನ ನೆಟ್‌ವರ್ಕಿನಲ್ಲಿಯೇ ನಡೆಸಬಹುದು.

ಈವರೆಗೆ ಆಗಿರುವ ವೆಚ್ಚ ಸುಮಾರು ಮೂವತ್ತೆಂಟು ಸಾವಿರ ರೂಪಾಯಿ. ಇನ್ನು ಉಳಿದಿರುವುದು ಗೇಟು: ಅದರ ಚಿಲಕವನ್ನು ಬಗ್ಗಿ ಎತ್ತಬೇಕು, ನನಗೆ ಆಗುವುದಿಲ್ಲ. ಮಳೆಗಾಲ ಕಳೆದ ಮೇಲೆ ವೆಲ್ಡಿಂಗಿನವರು ಬಂದು, ಮೊಣಕೈಯಿಂದ ತಳ್ಳಬಹುದಾದ ಉದ್ದ ಹಿಡಿಕೆಯನ್ನು ಕೂರಿಸಿಕೊಡುತ್ತೇನೆ ಎಂದಿದ್ದಾರೆ. ಮೋಟಾರು ಬೇಕೇ ಎಂಬುದನ್ನು ಅದಾದ ಮೇಲೆ ನೋಡುತ್ತೇನೆ.